ಸೋಡಾ ಮುಚ್ಚಳಗಳ ಸೈನ್ಯ

ಮುಂಬೈಯ ಸಯನ್‌ನಲ್ಲಿ ನಮ್ಮ ಮೇಲಿನ ಫ್ಲ್ಯಾಟಿನ ಅಣ್ಣ ಯುದ್ಧ ನಡೆಸುವಾಗ ಎಂದೂ ಕೂರುತ್ತಿರಲಿಲ್ಲ. ಭಾನುವಾರ ಅವರ ಊಟದ ಮೇಜಿನ ಸುತ್ತ ಕಾಲೇಜಿನ ನಾವು ನಾಲ್ವರು ಮಾಂತ್ರಿಕರ, ವೀರರ ಪಾತ್ರ ವಹಿಸಿ ದಾಳದ ಆಟ ಆಡುತ್ತಿದ್ದೆವು. ಕತೆ ನಡೆಸುವವನೂ ಶತ್ರುಗಳನ್ನು ಆಡಿಸುವವನೂ ಅವನೇ. ಕೆಳಗಿನ ಉಡುಪಿ ಹೋಟೆಲಿನಿಂದ ತಂದ ಸೋಡಾ ಮುಚ್ಚಳಗಳೇ ಎರಡೂ ಕಡೆಯ ಸೈನ್ಯ. ದಾಳ ಉರುಳಿ ಯಾರಾದರೂ ಸತ್ತರೆ ಮುಚ್ಚಳವನ್ನು ಜೇಬಿಗೆ ಹಾಕಿ, "ಚಲೋ, ಮುಂದೆ!" ಎನ್ನುತ್ತ ಮೇಜು ಸುತ್ತುತ್ತಿದ್ದ. ಜೇಬು ಗಲಗಲ ಎನ್ನುತ್ತಿತ್ತು.

ಅಂದು ಸೇತುವೆ ಕಾಯುತ್ತಿದ್ದವಳು ನನ್ನ ನಾಯಕಿ, ಮುಚ್ಚಳದ ಬದಲು ಅಂಗಿಯಿಂದ ಕಿತ್ತ ಒಂದು ನೀಲಿ ಗುಂಡಿ. ಎರಡು ವರ್ಷದಿಂದ ಅವಳನ್ನು ಆಡಿಸುತ್ತಿದ್ದೆ. ಸತ್ತರೆ ಮತ್ತೆ ಬರುವಂತಿರಲಿಲ್ಲ. ಅವನ ದಾಳ ಬಿತ್ತು, ಅವಳು ಸತ್ತಳು.

"ಅಣ್ಣಾ, ಇನ್ನೊಂದ್ ಸಲ ಹಾಕು ನಾ, ಪಾಪ ಇವಳು," ಎಂದಳು ನನ್ನ ಗೆಳತಿ.

"ನಹೀ. ಬಿದ್ದದ್ದು ಬಿತ್ತು."

ಅಡುಗೆಮನೆಯಿಂದ ಅವನ ಅಮ್ಮ ಕೂಗಿದರು: "ಸಾರು ಆರ್ತಿದೆ ಕಣೋ! ಟೇಬಲ್ ಬಿಡ್ತೀಯೋ ಇಲ್ವೋ?"

ಅವನು ಗುಂಡಿಯನ್ನು ಎತ್ತಿಕೊಂಡ. ಜೇಬಿಗೆ ಹಾಕಲಿಲ್ಲ. "ಚಲೋ," ಎಂದ. ಗುಂಡಿಯನ್ನು ನನ್ನ ಅಂಗೈಯಲ್ಲಿಟ್ಟು, ಕುರ್ಚಿ ಎಳೆದುಕೊಂಡು ಕೂತ.