ಸಪ್ಪಳ ಕಡಿಮೆಯ ಟೈರು

ನಮ್ಮ ಪಿಕಪ್ಪಿಗೆ ಹೊಸ ಟೈರು ಹಾಕಿಸಲು ಹೆಂಡತಿಯ ಜೊತೆ ಗಂಗಾವತಿಗೆ ಹೋಗಿದ್ದೆ. ಶ್ರೀರಾಮನಗರದ ಗದ್ದೆಗಳಿಂದ ಭತ್ತ ಹೇರುವ ಗಾಡಿ ಅದು, ಮಳೆ ಬಂದರೆ ಕಪ್ಪು ಎರೆಮಣ್ಣಿನಲ್ಲಿ ಹೂತುಬಿಡುತ್ತದೆ. ಅದಕ್ಕೇ ದಪ್ಪ ಹಲ್ಲಿನ ಟೈರು ಆರಿಸಿದೆ.

"ಕೆಸರಿಗೆ ಛಲೋ ಅದಾವ್ರಿ. ಆದ್ರ ಡಾಂಬರ್ ರಸ್ತೆದಾಗ ಭಾಳ ಸಪ್ಪಳ ಮಾಡ್ತಾವ," ಎಂದರು ಅಂಗಡಿಯ ಚಾಚಾ.

ಹೆಂಡತಿ ತಟ್ಟನೆ ಹೇಳಿದಳು: "ಹಂಗಾರ ಬ್ಯಾಡ್ರಿ ಚಾಚಾ. ಮನಿ ತುಂಬ ಮಂದಿ ಅದಾರ. ನಾವಿಬ್ರು ಮಾತಾಡೋದು ಗಾಡ್ಯಾಗ ಅಷ್ಟ."

ನನಗೆ ನಾಚಿಕೆಯಾಯಿತು. ಚಾಚಾ ಮಾತ್ರ ನಗದೆ, ಕೆಸರಿಗೂ ಡಾಂಬರಿಗೂ ನಡೆಯುವ, ಸಪ್ಪಳ ಕಡಿಮೆಯ ಟೈರು ತೆಗೆದಿಟ್ಟರು.

ಮುಂದಿನ ದೊಡ್ಡ ಮಳೆಗೇ ಗಾಡಿ ಗದ್ದೆಯ ಬದಿಯಲ್ಲಿ ಸಿಕ್ಕಿಬಿತ್ತು. ಎಳೆಯಲು ಟ್ರ್ಯಾಕ್ಟರ್ ಬರುವವರೆಗೆ ಇಬ್ಬರೂ ಒಳಗೇ ಕೂತೆವು. ಅದು ಬಂದದ್ದು ಬಹಳ ತಡವಾಗಿ. ನಿಜ ಹೇಳಬೇಕೆಂದರೆ, ಇನ್ನೊಂದಿಷ್ಟು ತಡವಾಗಿದ್ದರೂ ನಡೆಯುತ್ತಿತ್ತು.