ಅನ್ನಪೂರ್ಣಮ್ಮನ ಶನಿವಾರದ ಕೆರೆಪಾಠ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುಟ್ಟೇನಹಳ್ಳಿ ಕಡೆಯ ಕೆರೆಯಲ್ಲಿ ಅನ್ನಪೂರ್ಣಮ್ಮ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡು ಗಾಜಿನ ಬಾಟಲಿ ತುಂಬುತ್ತಿದ್ದಾರೆ. ಒಂದಕ್ಕೆ ಜೊಂಡಿನ ಬುಡದ ನೀರು. ಇನ್ನೊಂದಕ್ಕೆ ಮೆಟ್ಟಿಲ ಹತ್ತಿರದ್ದು, ವಾಕಿಂಗಿಗೆ ಬಂದವರು ಮೀನಿಗೆಂದು ಬ್ರೆಡ್ಡು, ಕಡ್ಲೆಪುರಿ ಸುರಿಯುವ ಜಾಗದ್ದು. ಇವತ್ತು ಶನಿವಾರ, ಮಕ್ಕಳಿಗೆ ಕೆರೆಯ ಪಾಠ. ಮಕ್ಕಳು ಬರುತ್ತಾರೋ ಇಲ್ಲವೋ, ಆಕೆಗೇ ಗೊತ್ತಿಲ್ಲ.

ಅನ್ನಪೂರ್ಣಮ್ಮನ ಸಂಬಳದ ಕೆಲಸ ಕೆರೆಯ ಕಸ ತೆಗೆಯುವುದು. ಊರು ಸಾರಕ್ಕಿ. ಅಜ್ಜ ಗದ್ದೆಗಳಿಗೆ ನೀರು ಬಿಡುವ ಕೆರೆಯ ತೂಬು ನೋಡಿಕೊಳ್ಳುತ್ತಿದ್ದವರು. ಗದ್ದೆ ಹೋಯಿತು, ಮೊಮ್ಮಗಳ ಕೈಗೆ ಕಸ ಎತ್ತುವ ಬಲೆ ಬಂತು. ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮೂಗು ಮುಚ್ಚಿಕೊಂಡು ಫೋಟೋ ತೆಗೆದವರು ಬೇಕಾದಷ್ಟು ಜನ. ಮಂಕರಿ ಹಿಡಿದು ಸತ್ತ ಮೀನು ಎತ್ತಿದವರು ಈಕೆ ಒಬ್ಬರೇ.

ಆಮೇಲೆ ಶುರುವಾದದ್ದು ಈ ಪಾಠ. ಸರ್ಕಾರಿ ಶಾಲೆಯ ಮಕ್ಕಳು, ಅಪಾರ್ಟ್‌ಮೆಂಟಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪುಸ್ತಕವಿಲ್ಲ, ಬೋರ್ಡಿಲ್ಲ. "ಮೂಸಿ ನೋಡ್ರೋ" ಎಂದು ಬಾಟಲಿ ಮುಂದೆ ಹಿಡಿಯುತ್ತಾರೆ, ಅಷ್ಟೇ. ಮೀನು ತಿನ್ನದೆ ಬಿಟ್ಟ ಬ್ರೆಡ್ಡು ತಳದಲ್ಲಿ ಕೊಳೆತು ಮೀನಿನ ಉಸಿರನ್ನೇ ಕಟ್ಟಿಸುತ್ತದೆ. ಆ ನೀರು ಮೂಸಿದ ಮಗು ಮತ್ತೆ ಕೆರೆಗೆ ಏನನ್ನೂ ಎಸೆಯುವುದಿಲ್ಲ.

ಎಡವಟ್ಟಾದದ್ದೂ ಅಲ್ಲೇ. "ಯಾರೇ ಬ್ರೆಡ್ ಹಾಕ್ಲಿ, ಕೈ ಹಿಡ್ದು ನಿಲ್ಸ್ರೋ" ಎಂದು ಹೋದ ವಾರ ಈಕೆ ಹೇಳಿಬಿಟ್ಟರು. ಮರುದಿನವೇ ನಾಲ್ಕನೇ ಕ್ಲಾಸಿನ ತನ್ಮಯಿ ಎಲ್ಲರೆದುರು ತನ್ನ ತಾತನ ಕೈಯನ್ನೇ ಹಿಡಿದಳು. ತಾತ ಶಾಮಣ್ಣ, ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿ ತೀರಿಕೊಂಡಾಗಿನಿಂದ ಆಕೆಯ ಹೆಸರಿನಲ್ಲಿ ದಿನಾ ಮೀನಿಗೆ ಬ್ರೆಡ್ಡು ಹಾಕುವವರು. "ಕಸ ಎತ್ತೋಳು ನಮ್ಮನೆ ಮಗೂಗೆ ಎದುರುತ್ತರ ಕಲಿಸ್ತಾಳಾ?" ಎಂದು ಕೂಗಾಡಿದರು. ವಾಕಿಂಗ್ ಸಂಘದವರು ತಲೆಯಾಡಿಸಿ, ಶಾಮಣ್ಣ ಒಪ್ಪದಿದ್ದರೆ ಪಾಠ ಬಂದ್ ಎಂದರು. ಸತ್ತ ಮೀನು ಎತ್ತುವಾಗ ಈ ಸಂಘ ಎಲ್ಲಿ ಮಲಗಿತ್ತೋ!

"ತಪ್ಪು ನಂದೇ," ಎನ್ನುತ್ತಾರೆ ಅನ್ನಪೂರ್ಣಮ್ಮ. "ಯಾರೇ ಹಾಕ್ಲಿ ಅಂದ್ಬಿಟ್ಟೆ. ಮಕ್ಳು ನಮ್ಮಂಗಲ್ಲ, ಹೇಳಿದ್ದನ್ನ ಮಾಡ್ಬಿಡ್ತವೆ."

ಬಿಸಿಲು ಬೀಳುವ ಹೊತ್ತಿಗೆ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. ಕೊನೆಗೆ ತನ್ಮಯಿ, ಅವಳ ಹಿಂದೆ ಶಾಮಣ್ಣ. ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ.

"ನಾನು ಹಾಕ್ಲೇಬೇಕು. ಅವಳ ಹೆಸರಲ್ಲಿ ಹಾಕೋದು," ಶಾಮಣ್ಣ ದನಿ ಗಟ್ಟಿ ಮಾಡುತ್ತಾರೆ.

"ಬೇಡ ಅಂದೋರ್ಯಾರು ಸಾರ್? ಅಮ್ಮಾವ್ರ ಹೆಸರಲ್ಲಿ ಇವಕ್ಕೆ ಹಾಕಿ," ಅನ್ನಪೂರ್ಣಮ್ಮ ಮಕ್ಕಳತ್ತ ಕೈ ತೋರುತ್ತಾರೆ. "ಎದ್ದಿದ್ದೇ ಓಡ್ಬಂದವೆ, ಒಂದೂ ತಿಂಡಿ ತಿಂದಿಲ್ಲ. ಮೀನಿಗಿಂತ ಜಾಸ್ತಿ ಬಾಯಿ ಬಿಡ್ತವೆ."

ತನ್ಮಯಿ ಕಿಸಕ್ಕನೆ ನಗುತ್ತಾಳೆ. "ತಾತ, ಜಾಮ್ ಇದ್ಯಾ?"

"ಜಾಮ್ ಬೇಕಂತೆ ಜಾಮ್!" ಎಂದು ಗದರುತ್ತಾರೆ ಶಾಮಣ್ಣ. ಆಮೇಲೆ ಪೊಟ್ಟಣ ಬಿಚ್ಚಿ ಒಂದೊಂದೇ ಹೋಳು ಹಂಚುತ್ತಾರೆ. ಒಂದನ್ನು ಅನ್ನಪೂರ್ಣಮ್ಮನ ಒದ್ದೆ ಕೈಯಲ್ಲೂ ಇಡುತ್ತಾರೆ. ಕ್ಷಮೆ ಗಿಮೆ ಏನೂ ಕೇಳುವುದಿಲ್ಲ. "ಹೂಂ, ಬೇಗ ಶುರು ಮಾಡಿ. ಇವಳಿಗೆ ಸಂಗೀತದ ಕ್ಲಾಸಿದೆ," ಎಂದು ಮುಖ ಸಿಂಡರಿಸಿಕೊಂಡು ಬೆಂಚಿನಲ್ಲಿ ಕೂರುತ್ತಾರೆ.

ಅನ್ನಪೂರ್ಣಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳುತ್ತಾರೆ: "ಬರೋ ಶನಿವಾರಾನೂ ಬೈಕೊಂಡೇ ಕರ್ಕೊಂಡ್ಬರ್ತಾರೆ ನೋಡ್ತಿರಿ. ಬೈಲಿ ಬಿಡಿ. ಮಗು ಬಂದ್ರೆ ಸಾಕು."