ಗಂಜಿ ಆಗ್ತದೆ ಎಂದವಳು ನಾನು

ಶಶಿಕಲಾ, ಆ ದಿನ ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು. ನಿಮ್ಮ ಅಮ್ಮನಿಗೆ ಗಂಜಿ ಉಣ್ಣಬಹುದು ಎಂದವಳು ನಾನೇ. ಏಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮರ್ಯಾದಸ್ಥೆಯ ಹಾಗೆ ಓಡಾಡಿದ್ದೇನೆ.

ನನ್ನ ಕೆಲಸ ನಿಮಗೆ ಗೊತ್ತು. ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಗೆ ಬರುವವರನ್ನು ಮೊದಲೇ ಕೂರಿಸಿ, ಕರುಳನ್ನು ಹೇಗೆ ಖಾಲಿ ಮಾಡಿಕೊಂಡು ಬರಬೇಕೆಂದು ತಿಳಿಸುವುದು. ಆಗೆಲ್ಲ ಅವರನ್ನು ಕಂಡರೆ ನನಗೆ ತಾತ್ಸಾರ. ಪುಡಿ ಕದಡಿದ ಎರಡು ಲೀಟರ್ ನೀರನ್ನು ಅರ್ಧ ಕುಡಿದು, ಅರ್ಧ ಬಾಳೆಬುಡಕ್ಕೆ ಚೆಲ್ಲಿ ಬರುವವರು. ನೀರುದೋಸೆ ತಿಂದು, ತಿಂದಿಲ್ಲವೆಂದು ದೇವರಾಣೆ ಹಾಕುವ ಮೇಷ್ಟ್ರುಗಳು. ಗಲ್ಫಿನಿಂದ ರಜೆಯಲ್ಲಿ ಬಂದು, ನನ್ನ ಮಾತು ಮುಗಿಯುವ ಮೊದಲೇ 'ಗೊತ್ತುಂಟು' ಎನ್ನುವ ಜಂಬದವರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ — ಹಾಗೆಂದುಕೊಂಡೇ ಸೂಚನೆಗಳ ಚೀಟಿಯನ್ನು ಗಡಗಡ ಓದಿ ಎಬ್ಬಿಸುತ್ತಿದ್ದೆ. ಮಿಜಾರಿನ ನನ್ನ ಮನೆಯಲ್ಲೂ ತುಳುವೇ ಮಾತು. ಆದರೆ ಬಿಳಿ ಕೋಟು ತೊಟ್ಟ ಮೇಲೆ ಅವರೊಡನೆ ತುಳು ಆಡುವುದು ನನಗೆ ಕೀಳೆನಿಸುತ್ತಿತ್ತು. 'ಘನಾಹಾರ ವರ್ಜ್ಯ, ತಿಳಿಯಾದ ದ್ರವಾಹಾರ ಮಾತ್ರ' — ಥೂ, ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ?

ಮೆಲ್ಕಾರಿನಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದ ನಿಮ್ಮ ಅಮ್ಮ, ಗುಲಾಬಿಯಕ್ಕ, ಎಲ್ಲಕ್ಕೂ ತಲೆಯಾಡಿಸಿದರು. ನೀವು ಹೊರಗಿದ್ದಿರಿ. ಏಳುವಾಗ ಅವರು ಕೇಳಿದರು, "ಸಿಸ್ಟರ್, ಗಂಜಿ ಆಗ್ತದಲ್ಲ?"

ನಮ್ಮೂರಲ್ಲಿ ಜ್ವರಕ್ಕೂ ಗಂಜಿ, ಭೇದಿಗೂ ಗಂಜಿ. ಪಥ್ಯವೆಂದರೆ ಬೇರೇನೂ ಹೊಳೆಯುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದಲ್ಲ. ಮೇಲಿನ ತಿಳಿ ಮಾತ್ರ, ಒಂದು ಅಗುಳೂ ಬೇಡ — ಇಷ್ಟು ಹೇಳಿದ್ದರೆ ಸಾಕಿತ್ತು. ನನ್ನ ಕಣ್ಣು ಮೊಬೈಲಿನಲ್ಲಿತ್ತು. "ಆಗ್ತದೆ, ಆಗ್ತದೆ" ಎಂದೆ.

ಪರೀಕ್ಷೆಯ ಹಿಂದಿನ ದಿನ ಅವರು ಮೂರು ಹೊತ್ತೂ ಕುಚ್ಚಲಕ್ಕಿ ಗಂಜಿ ಉಂಡರು. ಪುಡಿಯ ನೀರನ್ನು ಒಂದು ಹನಿ ಬಿಡದೆ ಕುಡಿದರು. ಆದರೂ ಕ್ಯಾಮೆರಾಕ್ಕೆ ಕಂಡದ್ದು ಅಗುಳು ಮತ್ತು ಹೊಲಸು. ಡಾಕ್ಟರು ಅರ್ಧದಲ್ಲೇ ನಿಲ್ಲಿಸಿದರು. ಗುಲಾಬಿಯಕ್ಕನಿಗೆ ಪೂರ್ತಿ ಎಚ್ಚರವಾದ ಮೇಲೆ, ನಿಮ್ಮೆದುರೇ, ನನ್ನನ್ನು ಕರೆದು, ಸರಿಯಾಗಿ ತಿಳಿಸಿರಲಿಲ್ಲವೇ ಎಂದು ಡಾಕ್ಟರು ಕೇಳಿದರು. ನಾನು ತಡವರಿಸಲೂ ಇಲ್ಲ.

"ಎಲ್ಲ ಹೇಳಿದ್ದೆ ಡಾಕ್ಟ್ರೇ. ಇವರು ಕೇಳುವುದಿಲ್ಲ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳು ಕೊನೆಗೂ ದೂರಿದ್ದು ನೆಲವನ್ನು. ನಾನು ದೂರಿದ್ದು ಮಲಗಿದ್ದ ಹೆಂಗಸನ್ನು.

ಅವರು ನನ್ನನ್ನು ಒಮ್ಮೆ ನೋಡಿದರು. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು — "ನಂದೇ ತಪ್ಪು" ಎಂದುಬಿಟ್ಟರು. ನೀವು ವರಾಂಡದಲ್ಲಿ ಅವರಿಗೆ ಬೈದಿರಿ, ಬಾಯಿಚಪಲವೆಂದಿರಿ. ನಾನು ಕೇಳಿಸಿಕೊಂಡೇ ಮುಂದಿನವರ ಹೆಸರು ಕರೆದೆ. ಪುನಃ ಬರಹೇಳಿದ ದಿನ ಅವರು ಬರಲಿಲ್ಲ. ನಾಚಿಕೆಯಂತೆ. ಬಂದದ್ದು ಎರಡು ವರ್ಷದ ಮೇಲೆ, ಕರುಳು ಕಟ್ಟಿಕೊಂಡು, ಗಡ್ಡೆ ಲಿವರಿಗೂ ಹಬ್ಬಿದ ಮೇಲೆ. ಆ ವರ್ಷದ ದೀಪಾವಳಿಗೆ ಅವರಿರಲಿಲ್ಲ. ಮೊದಲ ಸಲವೇ ಸರಿಯಾಗಿ ಕಂಡಿದ್ದರೆ — ಆಗ ಸಣ್ಣದಿತ್ತೇನೋ, ತೆಗೆಯಬಹುದಿತ್ತೇನೋ, ಅಥವಾ ಆಗಲೂ ತಡವಾಗಿತ್ತೇನೋ — ಈ 'ಏನೋ'ಗಳ ಹಿಂದೆ ಅಡಗಿ ಕೂತದ್ದು ಸಾಕು.

ಈಗ ನಾನು ತುಳುವಿನಲ್ಲೇ ಹೇಳುತ್ತೇನೆ. ಗಂಜಿಯ ಹೆಸರೆತ್ತಿ ಬೇಡವೆನ್ನುತ್ತೇನೆ. ಬಂದವರ ಬಾಯಿಂದ ಎಲ್ಲವನ್ನೂ ತಿರುಗಿ ಹೇಳಿಸುತ್ತೇನೆ. ಬೆಳ್ತಂಗಡಿ ಕಡೆಯಿಂದ ಬರುವವರು ಕೂಡ ನನ್ನನ್ನೇ ಕೇಳಿಕೊಂಡು ಬರುತ್ತಾರೆ, ಎಷ್ಟು ತಾಳ್ಮೆ ಸಿಸ್ಟರಿಗೆ ಎನ್ನುತ್ತಾರೆ. ಆ ಹೊಗಳಿಕೆ ಕೇಳುವಾಗ ನನ್ನ ಮುಖಕ್ಕೆ ನಾನೇ ಉಗುಳಬೇಕೆನಿಸುತ್ತದೆ.

ಕಳೆದ ವಾರ ನೀವೇ ಬಂದಿರಿ. ಅಮ್ಮನಿಗಿದ್ದ ಕಾಯಿಲೆ, ಆದ್ದರಿಂದ ನಿಮ್ಮನ್ನೂ ನೋಡಬೇಕೆಂದು ಡಾಕ್ಟರು ಕಳಿಸಿದ್ದರು. ನಾನು ಹೇಳಿದ್ದೆಲ್ಲವನ್ನೂ ಬರೆದುಕೊಂಡು, ಪುಸ್ತಕ ಮುಚ್ಚಿ ಎಂದಿರಿ, "ನಾನು ಅಮ್ಮನ ಹಾಗೆ ಅಲ್ಲ ಸಿಸ್ಟರ್. ಹೇಳಿದ ಹಾಗೆ ಮಾಡ್ತೇನೆ."

ನಾನು "ಒಳ್ಳೆಯದು" ಎಂದೆ. ಅಷ್ಟೇ ಎಂದೆ.

ಡಾಕ್ಟರಿಗೆ ನಿನ್ನೆ ಎಲ್ಲವನ್ನೂ ಹೇಳಿಯಾಗಿದೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಪಾಣೆಮಂಗಳೂರಿನ ನಿಮ್ಮ ಮನೆಗೆ ನಾನೇ ತರುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರೇ ನಿಲ್ಲುತ್ತೇನೆ. ನಿಮ್ಮ ಅಮ್ಮನೂ ಹೇಳಿದ ಹಾಗೆಯೇ ಮಾಡಿದ್ದರು, ಶಶಿಕಲಾ.